ಕಾಲರಾ ವಿಷ ಹಿಡಿದ ಶಂಭುನಾಥ ಡೇ

1978ರ ಆಗಸ್ಟ್‌ನಲ್ಲಿ ಸ್ವೀಡನ್ನಿನಲ್ಲಿ ನೊಬೆಲ್ ಪ್ರತಿಷ್ಠಾನದ 43ನೆಯ ವಿಚಾರ ಸಂಕಿರಣ ನಡೆಯಿತು. ವಿಷಯ ಕಾಲರಾ ಮತ್ತು ಅದರ ಬಂಧುಬಳಗದ ಭೇದಿ ರೋಗಗಳು. ಬಂದಿದ್ದವರಲ್ಲಿ ಹೆಚ್ಚಿನವರು ಅಮೆರಿಕ, ಯುರೋಪಿನ ದೊಡ್ಡ ಪ್ರಯೋಗಾಲಯಗಳವರು. ಅವರ ನಡುವೆ ಕಲ್ಕತ್ತೆಯಿಂದ ಬಂದ 63 ವರ್ಷದ ನಿವೃತ್ತ ಪ್ರಾಧ್ಯಾಪಕರೊಬ್ಬರಿದ್ದರು. ಐದು ವರ್ಷದ ಹಿಂದೆ ಸರ್ಕಾರಿ ಮೆಡಿಕಲ್ ಕಾಲೇಜಿನಿಂದ ನಿವೃತ್ತರಾಗಿದ್ದವರು. ಮಾತಿಗೆ ನಿಂತಾಗ ಅವರು ಹೇಳಿದ್ದರ ಅರ್ಥ ಇಷ್ಟು: ತಾವು ಅರವತ್ತರ ದಶಕದ ಶುರುವಿನಲ್ಲೇ ಸತ್ತುಹೋಗಿದ್ದವರು, ಸಂಕಿರಣದ ಸಮಿತಿ ತಮ್ಮನ್ನು ಗೋರಿಯಿಂದ ಅಗೆದು ತೆಗೆದಿದೆ, ಈ ಎರಡು ದಿನ ಎಲ್ಲರ ಜತೆ ಕಳೆದ ಮೇಲೆ ಮತ್ತೆ ಜೀವ ಬರುತ್ತಿರುವಂತೆ ಅನ್ನಿಸುತ್ತಿದೆ.

ಅವರ ಹೆಸರು ಶಂಭುನಾಥ ಡೇ. ಆ ಸಭೆಯಲ್ಲಿ ಕೂತಿದ್ದ ಪ್ರತಿಯೊಬ್ಬರ ಕೆಲಸವೂ ಒಂದಲ್ಲ ಒಂದು ರೀತಿಯಲ್ಲಿ ಅವರು 1959ರಲ್ಲಿ ಒಬ್ಬರೇ ಬರೆದ ಪುಟ್ಟ ಲೇಖನವೊಂದರ ಮೇಲೆ ನಿಂತಿತ್ತು. ತಮ್ಮ ದೇಶದಲ್ಲಿ ಮಾತ್ರ ಅವರನ್ನು ಯಾವ ಅಕಾಡೆಮಿಯೂ ಫೆಲೋ ಎಂದು ಆರಿಸಿರಲಿಲ್ಲ, ಯಾವ ದೊಡ್ಡ ಪ್ರಶಸ್ತಿಯೂ ಅವರ ಮನೆಬಾಗಿಲಿಗೆ ಬಂದಿರಲಿಲ್ಲ.

ಆ ಲೇಖನದ ತೂಕ ತಿಳಿಯಬೇಕಾದರೆ ಕಾಲರಾ ಕೊಲ್ಲುವ ಬಗೆಯನ್ನು ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಮಾರಿ ಎಂದು ಕರೆಸಿಕೊಂಡ ಈ ರೋಗ ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರನ್ನು ಸಂಜೆಗೆ ಕೊಂಡೊಯ್ಯುತ್ತಿತ್ತು. ಭೇದಿ ಅಕ್ಕಿ ತೊಳೆದ ನೀರಿನ ಹಾಗೆ ಹೋಗುತ್ತದೆ. ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ರಕ್ತ ದಪ್ಪಗಾಗಿ ಮನುಷ್ಯ ಒಣಗಿ ಸಾಯುತ್ತಾನೆ. ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಗೇ ಬಂದು ರೋಗಿಗಳ ಕರುಳಿನಲ್ಲಿ ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾವನ್ನು ತೋರಿಸಿದರು. ಅದು ಕರುಳಿನಲ್ಲಿ ಕೂತು ಒಂದು ವಿಷವನ್ನು ಉಗುಳುತ್ತಿರಬೇಕು ಎಂದು ಊಹಿಸಿದವರೂ ಅವರೇ. ಆದರೆ ಆ ವಿಷವನ್ನು ಯಾರಿಂದಲೂ ಹಿಡಿಯಲಾಗಲಿಲ್ಲ. ಕಾಕ್ ಅವರ ಬಳಿಯೇ ಕೆಲಸ ಮಾಡಿದ ರಿಚರ್ಡ್ ಫೈಫರ್ ಬೇರೊಂದು ವಾದ ಹೂಡಿದರು: ವಿಷ ಹೊರಗೆ ಉಗುಳುವಂಥದ್ದಲ್ಲ, ಬ್ಯಾಕ್ಟೀರಿಯಾದ ಒಡಲಲ್ಲೇ ಇರುವಂಥದ್ದು, ಅದು ಸತ್ತು ಒಡೆದಾಗ ಬಿಡುಗಡೆಯಾಗುವಂಥದ್ದು. ಈ ವಾದವೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಕೂತುಬಿಟ್ಟಿತು. ಸಂಶೋಧಕರು ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊಳ್ಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು, ಆದರೆ ಕಾಲರಾ ರೋಗಿಯ ಹಾಗೆ ಅಲ್ಲ. ಆ ನೀರು ಬರಲೇ ಇಲ್ಲ.

ಡೇ ಹುಟ್ಟಿದ್ದು 1915ರಲ್ಲಿ, ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ವಿದ್ಯಾರ್ಥಿವೇತನದ ಬಲದಿಂದ ಓದಿ 1939ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ ವೈದ್ಯರಾದರು. 1947ರಲ್ಲಿ ಲಂಡನ್ನಿಗೆ ಹೋಗಿ ರೋಗಶಾಸ್ತ್ರಜ್ಞ ರಾಯ್ ಕ್ಯಾಮೆರಾನ್ ಅವರ ಕೈಕೆಳಗೆ ದುಡಿದು 1949ರಲ್ಲಿ ಪಿಎಚ್.ಡಿ. ಪಡೆದು ಮರಳಿದರು. ಕಲ್ಕತ್ತೆಯ ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಪಾಠ, ಶವಪರೀಕ್ಷೆ, ರೋಗನಿದಾನ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತೇ ಸಂಶೋಧನೆಗೆ. ಕಾಲರಾ ವಾರ್ಡು ಮಾತ್ರ ಎಂದೂ ಖಾಲಿಯಾಗುತ್ತಿರಲಿಲ್ಲ.

ಅಲ್ಲಿ ಅವರಿಗೆ ಹೊಳೆದದ್ದು ಹೇಳಿದರೆ ಇಷ್ಟೇನಾ ಅನ್ನಿಸುವಂಥದ್ದು. ರೋಗ ಇರುವುದು ಕರುಳಿನಲ್ಲಿ, ಹಾಗಾದರೆ ಪ್ರಯೋಗವೂ ಕರುಳಿನಲ್ಲೇ ಆಗಬೇಕು. ಮೊಲದ ಹೊಟ್ಟೆ ತೆರೆದು, ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ತುದಿಯಲ್ಲಿ ದಾರದಿಂದ ಬಿಗಿದರು. ರಕ್ತನಾಳಗಳಿಗೆ ಧಕ್ಕೆಯಿಲ್ಲ, ಕರುಳು ಜೀವಂತ, ಆದರೆ ಆ ತುಂಡು ಈಗ ಮುಚ್ಚಿದ ಚೀಲ. ಅದರೊಳಗೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟು ಹೊಟ್ಟೆ ಹೊಲಿದರು. ಮರುದಿನ ತೆರೆದರೆ ಆ ಚೀಲ ಬಲೂನಿನ ಹಾಗೆ ಊದಿ ನಿಂತಿತ್ತು, ಒಳಗೆ ಅದೇ ಅಕ್ಕಿ ತೊಳೆದ ನೀರು. ಪಕ್ಕದಲ್ಲಿ ಹಾಗೆಯೇ ಬಿಗಿದು ಬ್ಯಾಕ್ಟೀರಿಯಾ ಹಾಕದೆ ಬಿಟ್ಟ ತುಂಡು ಬರಿದಾಗಿತ್ತು. ಚಟರ್ಜಿ ಎಂಬ ಸಹೋದ್ಯೋಗಿಯ ಜೊತೆ ಡೇ ಇದನ್ನು 1953ರಲ್ಲಿ ಪ್ರಕಟಿಸಿದರು. 1915ರಷ್ಟು ಹಿಂದೆಯೇ ಇಬ್ಬರು ಸಂಶೋಧಕರು ಇಂಥದ್ದೊಂದು ಯತ್ನ ಮಾಡಿದ್ದರು, ಆದರೆ ಅದನ್ನು ಯಾರೂ ಮುಂದುವರಿಸಿರಲಿಲ್ಲ. ಡೇ ಸ್ವತಂತ್ರವಾಗಿ ಅಲ್ಲಿಗೆ ತಲುಪಿದ್ದರು. 1956ರಲ್ಲಿ ಇದೇ ದಾರಿಯಲ್ಲಿ ಮತ್ತೊಂದು ತಂಡದೊಂದಿಗೆ ಅವರು ಎಶರಿಕಿಯಾ ಕೋಲೈ ಎಂಬ ಸಾಮಾನ್ಯ ಕರುಳುವಾಸಿ ಬ್ಯಾಕ್ಟೀರಿಯಾದ ಕೆಲವು ತಳಿಗಳೂ ಹೀಗೆ ನೀರು ಹರಿಸುತ್ತವೆ ಎಂದು ತೋರಿಸಿದರು.

ಉಳಿದದ್ದು ಒಂದು ಪ್ರಶ್ನೆ. ನೀರು ಹರಿಸುವುದು ಬ್ಯಾಕ್ಟೀರಿಯಾವೋ, ಅದು ಉಗುಳುವ ವಸ್ತುವೋ? ಅಷ್ಟರಲ್ಲಿ ಡೇ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಜೀವಿ ಉಳಿಯದಂತೆ ಮಾಡಿ, ಬರೀ ಆ ತಿಳಿಯನ್ನು ಮೊಲದ ಕರುಳಿನ ಚೀಲಕ್ಕೆ ಹಾಕಿದರು. ಚೀಲ ಊದಿತು. ಕಾಕ್ ಊಹಿಸಿದ್ದ ವಿಷ 75 ವರ್ಷದ ಮೇಲೆ ಕಾಕ್ ಕೆಲಸ ಮಾಡಿದ ಊರಿನಲ್ಲೇ ಸಿಕ್ಕಿತ್ತು. 1959ರ ಮೇ 30ರ 'ನೇಚರ್' ಪತ್ರಿಕೆಯಲ್ಲಿ ಅದು ಬಂತು.

ಅದೇ ವರ್ಷ ಮುಂಬೈಯ ಪರೇಲ್‌ನಲ್ಲಿರುವ ಹಾಫ್‌ಕಿನ್ ಸಂಸ್ಥೆಯಲ್ಲಿ ನಿರ್ಮಲ್ ಕುಮಾರ್ ದತ್ತಾ ಮತ್ತು ಅವರ ಸಹೋದ್ಯೋಗಿಗಳು ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದರು. ಅವರ ಪ್ರಾಣಿ ಎಳೆಯ ಮೊಲದ ಮರಿ. ಜೀವಂತ ಬ್ಯಾಕ್ಟೀರಿಯಾ ಇಲ್ಲದ ಸಾರವನ್ನು ಕೊಟ್ಟರೂ ಮರಿಗಳಿಗೆ ಕಾಲರಾದಂಥ ಭೇದಿ ಶುರುವಾಗುತ್ತಿತ್ತು. ದತ್ತಾ ಅವರಿಗೆ 1965ರಲ್ಲಿ ವೈದ್ಯವಿಜ್ಞಾನದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಅದಕ್ಕೆ ಅವರು ಅರ್ಹರೇ, ಆ ಬಗ್ಗೆ ತಕರಾರಿಲ್ಲ. ಆದರೆ ಕಾಲರಾ ಬಡವರ ರೋಗ, ಅದರ ಸಂಶೋಧನೆಯನ್ನು ದೆಹಲಿ ಕಣ್ಣೆತ್ತಿ ನೋಡಲಿಲ್ಲ ಎಂಬ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ನೋಡಿತ್ತು, ಡೇ ಅವರ ಕಡೆಗೆ ನೋಡಲಿಲ್ಲ.

ಯಾಕೆ ಎಂಬುದಕ್ಕೆ ಒಂದೇ ಕಾರಣ ಹೇಳುವುದು ಕಷ್ಟ. ಅಕಾಡೆಮಿಗೆ ಯಾರೂ ತಾವಾಗಿ ಅರ್ಜಿ ಹಾಕುವಂತಿಲ್ಲ. ಒಳಗಿರುವವರು ಹೊರಗಿನವರ ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಮಿಕ್ಕವರು ಮತ ಹಾಕಬೇಕು. ಒಳಗಿದ್ದವರಲ್ಲಿ ವಿಶ್ವವಿದ್ಯಾಲಯದವರು, ರಾಷ್ಟ್ರೀಯ ಪ್ರಯೋಗಾಲಯದವರೇ ಹೆಚ್ಚು. ಸರ್ಕಾರಿ ಮೆಡಿಕಲ್ ಕಾಲೇಜಿನ ಮೇಷ್ಟ್ರು ಅವರ ಕಣ್ಣಿಗೆ ವೈದ್ಯರೇ ಹೊರತು ವಿಜ್ಞಾನಿಯಲ್ಲ. ವೈದ್ಯರ ಲೋಕದಲ್ಲಿ ಹೆಸರಾಗುವುದು ಕನ್ಸಲ್ಟಿಂಗ್ ಕೋಣೆಯ ಮುಂದಿನ ಸಾಲಿನಿಂದ, ಮೊಲದ ಕರುಳಿನಿಂದಲ್ಲ. ಎರಡೂ ಕಡೆಯವರಿಗೆ ಅವರು ಆ ಕಡೆಯವರಾಗಿದ್ದರು. ಲೇಖನಕ್ಕೆ ಒಬ್ಬರದೇ ಹೆಸರು, ಹೀಗಾಗಿ ಅದನ್ನು ಊರೂರಿಗೆ ಹೊತ್ತು ಮಾತಾಡುವ ಸಹಲೇಖಕರೂ ಇರಲಿಲ್ಲ. ಮೇಲಾಗಿ ಆ ವಿಷದ ದೊಡ್ಡತನ ಒಮ್ಮೆಗೇ ತಿಳಿಯುವಂಥದ್ದಾಗಿರಲಿಲ್ಲ.

ಮನ್ನಣೆ ಎಂದರೆ ಹಾರ, ಶಾಲು, ಫಲಕ ಎಂದುಕೊಂಡರೆ ಈ ಕಥೆಯಲ್ಲಿ ನಷ್ಟವಾದದ್ದು ಅಷ್ಟೇನಲ್ಲ. ಆದರೆ ಮನ್ನಣೆಯ ಹಿಂದೆ ಹಣ ಬರುತ್ತದೆ, ಹಣದ ಹಿಂದೆ ಯಂತ್ರ, ಯಂತ್ರದ ಹಿಂದೆ ಶಿಷ್ಯರು. 1959ರ ನಂತರದ ಸಹಜ ಹೆಜ್ಜೆ ವಿಷವನ್ನು ಶುದ್ಧವಾಗಿ ಬೇರ್ಪಡಿಸುವುದು. ಡೇ ಅದಕ್ಕೆ ಕೈಹಾಕಿದರು. ಬೇಕಾದ ಸಲಕರಣೆ ಅವರ ಬಳಿ ಇರಲಿಲ್ಲ. 1960ರಲ್ಲಿ ಗಡಿಯಾಚೆ ಢಾಕಾದಲ್ಲಿ ಸೀಟೋ ಒಕ್ಕೂಟದ ಹೆಸರಿನಲ್ಲಿ ಕಾಲರಾ ಸಂಶೋಧನಾಲಯ ತೆರೆಯಿತು, ಅಮೆರಿಕದ ಹಣ ಮತ್ತು ತರುಣ ವೈದ್ಯರು ಅಲ್ಲಿಗೆ ಹರಿದರು. ಶುದ್ಧ ವಿಷವನ್ನು 1969ರಲ್ಲಿ ಪಡೆದವರು ಅಮೆರಿಕದ ಡಲ್ಲಾಸ್‌ನ ಫಿಂಕೆಲ್‌ಸ್ಟೀನ್ ಮತ್ತು ಲೊಸ್ಪಲ್ಲುಟೊ. ಅದು ಕರುಳಿನ ಕೋಶದೊಳಗಿನ ಒಂದು ಕಿಣ್ವವನ್ನು ಚಾಲೂ ಸ್ಥಿತಿಯಲ್ಲೇ ಸಿಕ್ಕಿಸಿ, ಉಪ್ಪು ನೀರು ನಿಲ್ಲದೆ ಹೊರಹರಿಯುವಂತೆ ಮಾಡುತ್ತದೆ ಎಂದು ಮುಂದಿನ ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು. ಕೋಶಗಳು ಸಂದೇಶ ಸ್ವೀಕರಿಸುವ ಬಗೆಯನ್ನು ಅರಿಯಲು ಈ ವಿಷ ಜಗತ್ತಿನ ಪ್ರಯೋಗಾಲಯಗಳಲ್ಲಿ ಸಲಕರಣೆಯಾಯಿತು. ಡೇ ಅಷ್ಟು ಹೊತ್ತಿಗೆ ನಿವೃತ್ತಿಯ ಅಂಚಿನಲ್ಲಿದ್ದರು. ಗೋರಿಯ ಮಾತು ಸುಮ್ಮನೆ ಬಂದದ್ದಲ್ಲ.

ರೋಗಿಗಳ ಪಾಲಿಗೆ ಇದರಿಂದ ಆದದ್ದೇನು? ಕರುಳು ಕೊಳೆತಿಲ್ಲ, ಹರಿದಿಲ್ಲ, ಬರೀ ವಿಷದ ಹಿಡಿತದಲ್ಲಿ ನೀರು ಬಿಡುತ್ತಿದೆ ಎಂದಾದರೆ, ಕಳೆದಷ್ಟು ನೀರು ಉಪ್ಪನ್ನು ತುಂಬಿಕೊಡುತ್ತ ಹೋದರೆ ಸಾಕು, ರೋಗಿ ಬದುಕುತ್ತಾನೆ. ಬಾಯಿಯ ಮೂಲಕವೇ ತುಂಬಿಕೊಡಬಹುದು ಎಂಬುದನ್ನೂ ಕಲ್ಕತ್ತೆಯ ಇನ್ನೊಬ್ಬರು ಮೊದಲೇ ಕಂಡಿದ್ದರು. ಹೇಮೇಂದ್ರನಾಥ ಚಟರ್ಜಿ 1953ರಲ್ಲಿ 'ಲ್ಯಾನ್ಸೆಟ್'ನಲ್ಲಿ 186 ರೋಗಿಗಳ ವರದಿ ಕೊಟ್ಟರು: ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ವಾಂತಿಗೆ ಒಂದು ಮಾತ್ರೆ, ಭೇದಿಗೆ ಎಲೆಯ ರಸ. ಆ ಎಲೆ ನಮ್ಮ ಹಿತ್ತಿಲಲ್ಲಿ ಬೆಳೆಯುವ ದೊಡ್ಡಪತ್ರೆ. ಸೊಪ್ಪಿನ ರಸದ ಮಾತು ಕಂಡು ಕೆಲವರು ಮೂಗು ಮುರಿದಿರಬಹುದು. ಒಳಹೋದ ಹೊರಬಂದ ದ್ರವದ ಕಟ್ಟುನಿಟ್ಟಾದ ಲೆಕ್ಕ ಅವರ ವರದಿಯಲ್ಲಿ ಇರಲಿಲ್ಲ ಎಂಬುದೂ ನಿಜ. ಹದಿನೈದು ವರ್ಷದ ಮೇಲೆ, 1968ರಲ್ಲಿ, ಢಾಕಾದ ಸಂಶೋಧನಾಲಯದ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಆ ಲೆಕ್ಕ ಒದಗಿಸಿದರು. 1971ರ ಯುದ್ಧದಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಎದ್ದಾಗ, ನರಕ್ಕೆ ಕೊಡುವ ದ್ರವ ತೀರುತ್ತ ಬಂದಿತ್ತು. ದಿಲೀಪ್ ಮಹಲನಬೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸನ್ನು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಸಾವು ಶೇ. 30ರ ಹತ್ತಿರದಿಂದ ಶೇ. 3.6ಕ್ಕೆ ಇಳಿಯಿತು. ಇವತ್ತು ಔಷಧದಂಗಡಿಯಲ್ಲಿ ಕೆಲವು ರೂಪಾಯಿಗೆ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಈ ಲೋಟವಿದೆ. ಮಹಲನಬೀಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು 2023ರ ಜನವರಿಯಲ್ಲಿ.

ಡೇ ಅವರ ಪರವಾಗಿ ಹೊರಗಿನವರು ಸುಮ್ಮನಿರಲಿಲ್ಲ. 1958ರ ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. ಪ್ರಶಸ್ತಿ ಬರಲಿಲ್ಲ, ಸಂಕಿರಣದ ಆಹ್ವಾನ ಬಂತು. ಅಲ್ಲಿಂದ ಮರಳಿದ ಏಳು ವರ್ಷಕ್ಕೆ, 1985ರ ಏಪ್ರಿಲ್ 15ರಂದು, ಡೇ ತೀರಿಕೊಂಡರು. ಮರುವರ್ಷ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಕಾಲರಾ ಸಂಶೋಧನೆಯ ಮೇಲೆ ದೊಡ್ಡ ಬರಹ ಪ್ರಕಟಿಸಿ ಅದರ ಶೀರ್ಷಿಕೆಯಲ್ಲೇ ಡೇ ಅವರ ಹೆಸರಿಟ್ಟರು. ಯಾರ ಲೇಖನವನ್ನು ಯಾರು ಎಷ್ಟು ಉಲ್ಲೇಖಿಸುತ್ತಾರೆ ಎಂದು ಎಣಿಸುವ ಪದ್ಧತಿಯನ್ನೇ ಕಟ್ಟಿದವರು ಈ ಗಾರ್‌ಫೀಲ್ಡ್. ಇವತ್ತು ಸಂಶೋಧಕರ ಬಡ್ತಿ ತೂಗುವ ತಕ್ಕಡಿ ಅವರದೇ, ಅದರ ಬಗ್ಗೆ ಬೈಗುಳವೂ ಸಾಕಷ್ಟಿದೆ. ಆದರೆ ಅಕಾಡೆಮಿಗಳ ಮತಪೆಟ್ಟಿಗೆಗೆ ಕಾಣದ ಒಬ್ಬರನ್ನು ಆ ಎಣಿಕೆ ಎತ್ತಿ ತೋರಿಸಿತು ಎಂಬುದನ್ನು ಒಪ್ಪಬೇಕು.

ಭಾರತದ ವಿಜ್ಞಾನ ಲೋಕ ಬಾಯಿಬಿಟ್ಟದ್ದು ಬೆಂಗಳೂರಿನಿಂದ. 'ಕರೆಂಟ್ ಸೈನ್ಸ್' ಪತ್ರಿಕೆ 1990ರಲ್ಲಿ ಒಂದು ಇಡೀ ಸಂಚಿಕೆಯನ್ನು ಡೇ ಅವರಿಗೆ ಮೀಸಲಿಟ್ಟಿತು. ಅದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಮುಲಾಜಿಲ್ಲದೆ ಬರೆದರು: ಬದುಕಿದ್ದಾಗ ಡೇ ಅವರಿಗೆ ದೇಶದ ದೊಡ್ಡ ಪ್ರಶಸ್ತಿ ಒಂದೂ ಸಿಗದಿದ್ದುದು, ನಮ್ಮ ಅಕಾಡೆಮಿಗಳು ಅವರನ್ನು ಆರಿಸದಿದ್ದುದು ಈ ಕಾಲದ ಕಣ್ಣಿಗೆ ಹೊಡೆಯುವ ಲೋಪಗಳಲ್ಲಿ ಒಂದು ಎಂದು. ಹಾಗೆ ಬರೆದ ಪತ್ರಿಕೆ ಹೊರಬರುತ್ತಿದ್ದುದು ಅಂಥದ್ದೇ ಒಂದು ಅಕಾಡೆಮಿಯ ಸಹಯೋಗದಲ್ಲಿ. ಡೇ ತೀರಿಕೊಂಡು ಆಗ ಐದು ವರ್ಷವಾಗಿತ್ತು, ಮತ್ತು ಅಕಾಡೆಮಿಗಳ ನಿಯಮದಲ್ಲಿ ಸತ್ತವರನ್ನು ಫೆಲೋ ಆಗಿ ಆರಿಸಲು ದಾರಿಯಿಲ್ಲ.