ರಂಗದ ಮೇಲಿನ ಹೈಲ್ಯಾಂಡ್: ಹಳೆಯ ಸ್ಕಾಟ್ಲೆಂಡಿನ ರಮ್ಯ ಕಥನ

ಮಂಜು ಮುಸುಕಿದ ಬೆಟ್ಟ, ಚೌಕಳಿ ಬಟ್ಟೆಯ ಕಿಲ್ಟ್, ಬ್ಯಾಗ್‌ಪೈಪಿನ ನಾದ, ಒಡೆಯನಿಗಾಗಿ ಪ್ರಾಣ ಕೊಡುವ ಕುಲವೀರ: ಹಳೆಯ ಸ್ಕಾಟ್ಲೆಂಡ್ ಎಂದೊಡನೆ ಜಗತ್ತಿನ ಕಣ್ಮುಂದೆ ಬರುವ ಚಿತ್ರವಿದು. ಈ ಚಿತ್ರ ರೂಪುಗೊಂಡದ್ದು ಹೈಲ್ಯಾಂಡಿನ ಜನಸಮುದಾಯ ಸೋತು ಚದುರುತ್ತಿದ್ದ ಕಾಲದಲ್ಲಿ ಎಂಬುದು ಗಮನಾರ್ಹ.

1746ರ ಏಪ್ರಿಲ್ 16ರಂದು ಕಲೋಡನ್ ಕದನದಲ್ಲಿ ಜಾಕೊಬೈಟರು ಸೋತರು. ಆ ಬಳಿಕ ಬ್ರಿಟಿಷ್ ಪ್ರಭುತ್ವ ಗಂಡಸರು ಹೈಲ್ಯಾಂಡ್ ಉಡುಪು ತೊಡುವುದನ್ನು ನಿಷೇಧಿಸಿತು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ ಇತ್ತು. ನಿಷೇಧ ತೆರವಾದದ್ದು 1782ರಲ್ಲಿ. ಕುಲಗಳು ನಿರಾಯುಧವಾದ ಮೇಲೆ ಅವುಗಳ ಬಗೆಗಿನ ಭಯ ಕರಗಿ ರಮ್ಯತೆ ಮೂಡತೊಡಗಿತು. ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದ ಪ್ರಕಟಿಸಿದ ಓಸಿಯನ್ ಕಾವ್ಯಗಳು ಈ ಒಲವಿಗೆ ಇಂಬು ನೀಡಿದವು. ಗೇಲಿಕ್ ಲಾವಣಿಗಳ ಎಳೆಗಳಿಗೆ ಸ್ವಂತ ರಚನೆಯನ್ನು ಧಾರಾಳವಾಗಿ ಬೆರೆಸಿ, ಅದನ್ನು ಪ್ರಾಚೀನ ಕವಿಯೊಬ್ಬನ ಕೃತಿಯ ಅನುವಾದವೆಂದು ಆತ ಮುಂದಿಟ್ಟಿದ್ದ.

ವಾಲ್ಟರ್ ಸ್ಕಾಟ್‌ನ ‘ವೇವರ್ಲಿ’ ಪ್ರಕಟವಾದದ್ದು 1814ರಲ್ಲಿ. ಅದೇ ವರ್ಷ ಸದರ್‌ಲ್ಯಾಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಕುರಿ ಸಾಕಣೆಗೆ ಜಾಗ ಮಾಡಲು ಗೇಣಿದಾರರನ್ನು ಒಕ್ಕಲೆಬ್ಬಿಸಲಾಯಿತು. ಅದನ್ನು ನಡೆಸಿದ ಪ್ಯಾಟ್ರಿಕ್ ಸೆಲರ್ 1816ರಲ್ಲಿ ವಿಚಾರಣೆಗೊಳಗಾಗಿ ಖುಲಾಸೆಗೊಂಡ. ಓದುಗರು ಕಾದಂಬರಿಯ ಹೈಲ್ಯಾಂಡಿಗೆ ಮನಸೋಲುತ್ತಿದ್ದಾಗ ನಿಜದ ಹೈಲ್ಯಾಂಡಿಗರು ಮನೆಮಠ ಕಳೆದುಕೊಳ್ಳುತ್ತಿದ್ದರು.

ರಂಗಭೂಮಿ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. ಸ್ಕಾಟ್‌ನ ‘ರಾಬ್ ರಾಯ್’ 1818ರಲ್ಲಿ ಲಂಡನ್ನಿನಲ್ಲಿಯೂ 1819ರಲ್ಲಿ ಎಡಿನ್‌ಬರೋದಲ್ಲಿಯೂ ನಾಟಕವಾಗಿ ಜನಪ್ರಿಯವಾಯಿತು. 1822ರ ಆಗಸ್ಟ್‌ನಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಉತ್ಸವಗಳ ಸೂತ್ರ ಹಿಡಿದವನು ಸ್ಕಾಟನೇ. ಹಿಂದೆ ಪ್ರಭುತ್ವ ನಿಷೇಧಿಸಿದ್ದ ಉಡುಪನ್ನು ಈಗ ದೊರೆಯೇ ತೊಟ್ಟ. ‘ರಾಬ್ ರಾಯ್’ ನಾಟಕವನ್ನೂ ನೋಡಿದ. ಆಪೆರಾ, ಬ್ಯಾಲೆಗಳೂ ಹಿಂದೆ ಬೀಳಲಿಲ್ಲ: ರೊಸ್ಸಿನಿಯ ‘ಲಾ ಡೊನ್ನಾ ದೆಲ್ ಲಾಗೊ’ (1819), ಪ್ಯಾರಿಸಿನ ‘ಲಾ ಸಿಲ್ಫೀಡ್’ (1832), ದೊನಿಜೆಟ್ಟಿಯ ‘ಲುಚಿಯಾ ದಿ ಲಾಮೆರ್ಮೂರ್’ (1835). 1947ರ ಅಮೆರಿಕದ ಸಂಗೀತನಾಟಕ ‘ಬ್ರಿಗಡೂನ್’ ನೂರು ವರ್ಷಕ್ಕೊಮ್ಮೆ ಒಂದು ದಿನ ಮಾತ್ರ ಕಾಣಿಸಿಕೊಳ್ಳುವ ಹಳ್ಳಿಯ ಕಥೆ. ಅಲ್ಲಿ ಹಳ್ಳಿ ಮರೆಯಾಗುವುದು ಪವಾಡದಿಂದ. ಚರಿತ್ರೆಯಲ್ಲಿ ಹಳ್ಳಿಗಳು ಬರಿದಾದದ್ದು ಭೂಮಾಲೀಕರ ಆಜ್ಞೆಯಿಂದ.

ಇದಕ್ಕೆ ಪ್ರತ್ಯುತ್ತರವೂ ರಂಗದಿಂದಲೇ ಬಂದಿತು. ಜಾನ್ ಮೆಗ್ರಾತ್ ರಚಿಸಿ, 1973ರಲ್ಲಿ ‘7:84’ ತಂಡ ಆಡಿದ ‘ದಿ ಶೆವಿಯಟ್, ದಿ ಸ್ಟ್ಯಾಗ್ ಅಂಡ್ ದಿ ಬ್ಲ್ಯಾಕ್, ಬ್ಲ್ಯಾಕ್ ಆಯಿಲ್’ ನಾಟಕ, ಹಾಡು, ಕುಣಿತ, ಕಥನಗಳು ಕೂಡಿದ ‘ಕೇಲಿ’ ಎಂಬ ಜನಪದ ಕೂಟದ ರೂಪವನ್ನೇ ಬಳಸಿ ಒಕ್ಕಲೆಬ್ಬಿಸಿದ ಕಥೆಯನ್ನು ಹೈಲ್ಯಾಂಡಿನ ಊರೂರಿಗೆ ಒಯ್ದಿತು.

ರಮ್ಯ ಕಥನವನ್ನು ಬರಿಯ ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಕಿಲ್ಟನ್ನು ಇಂದು ಸ್ಕಾಟರು ಮದುವೆಯಲ್ಲಿ ಅಭಿಮಾನದಿಂದ ತೊಡುತ್ತಾರೆ. ಹೊರಗಿನವರ ಕಲ್ಪನೆಯೂ ಬೆರೆತ ಚಿಹ್ನೆ ಜನರ ಬದುಕಿನಲ್ಲಿ ನೆಲೆಯೂರಿದೆ. ಆದ್ದರಿಂದ ಜಾನಪದ ಅಧ್ಯಯನವು ಚಿಹ್ನೆಯ ಪ್ರಾಚೀನತೆಯೊಂದನ್ನೇ ಅಳೆದರೆ ಸಾಲದು. ಆ ಚಿಹ್ನೆ ಯಾರ ನೆನಪನ್ನು ಉಳಿಸಿತು, ಯಾರ ನೋವನ್ನು ಮರೆಸಿತು ಎಂಬುದನ್ನೂ ಅದು ಶೋಧಿಸಬೇಕಾಗುತ್ತದೆ.