ಕಲೆಗೆ ಮಣೆ, ಕಲಾವಿದರಿಗೆ ಹೊರಜಗಲಿ

1969ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಂ ಬಡಾವಣೆಯ ಬಗ್ಗೆ ಪ್ರದರ್ಶನ ನಡೆಸಿ, ಅಲ್ಲಿನ ಕಪ್ಪು ಚಿತ್ರಕಾರರನ್ನೇ ಹೊರಗಿಟ್ಟಿತು. ಅವರು ಬಾಗಿಲಲ್ಲೇ ನಿಂತು ಪ್ರತಿಭಟಿಸಿದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಕಲೆ ಬೇಕು, ಕಲಾವಿದರು ಬೇಡವೇ ಎಂಬ ಇದೇ ಪ್ರಶ್ನೆ ಜಾತಿಯ ರೂಪದಲ್ಲಿದೆ.

ಹಿಂದೆ ಹೆಸರು ಉಳಿದದ್ದು ಕೆಲವರದ್ದು ಮಾತ್ರ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇಗುಲದಲ್ಲಿ ಹೊಯ್ಸಳ ಶಿಲ್ಪಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಗೆದ್ದವರನ್ನೂ ಸೋತವರನ್ನೂ ಗುರುತಿಸುತ್ತೇವೆ, ಬರೆದವರನ್ನಲ್ಲ. ತಮಟೆಯನ್ನಂತೂ ಕಲೆಯೆಂದು ಯಾರೂ ಎಣಿಸಲೇ ಇಲ್ಲ. ಹಬ್ಬ, ಸಾವು, ಡಂಗುರ ಯಾವುದಕ್ಕೆ ಕರೆದರೂ ದಲಿತ ಕೇರಿಯವರು ತಮಟೆ ಹಿಡಿದು ಹೋಗಲೇಬೇಕಿತ್ತು. ಕೂಲಿಯೆಂದರೆ ಸುಗ್ಗಿಯ ಕಣದಲ್ಲಿ ಸಿಗುವ ಕಾಳು. ವಂಶಪಾರಂಪರ್ಯದ ಗ್ರಾಮಚಾಕರಿಯನ್ನು 1961ರ ಕಾಯ್ದೆ ರದ್ದುಮಾಡಿತು. 1989ರ ದೌರ್ಜನ್ಯ ತಡೆ ಕಾಯ್ದೆ ದಲಿತರಿಂದ ಬಿಟ್ಟಿಚಾಕರಿ ಮಾಡಿಸುವುದನ್ನು ಅಪರಾಧವೆಂದಿತು.

ನಡುವೆ ಬಂದದ್ದು ಸಂಗ್ರಹದ ಕಾಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿ ಜಾನಪದ ಲೋಕ ಎದ್ದಿತು. ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳನ್ನು ಕಲೆಹಾಕಿದರು. ಇಷ್ಟಾಗದಿದ್ದರೆ ಎಷ್ಟೋ ಹಾಡು, ಗೊಂಬೆಗಳು ಮಣ್ಣುಪಾಲಾಗುತ್ತಿದ್ದವು. ಆದರೆ ಚರ್ಮ ಹದಮಾಡಿ, ಬಣ್ಣ ಹಚ್ಚಿ, ರಾತ್ರಿಯಿಡೀ ರಾಮಾಯಣ ಆಡಿಸುತ್ತಿದ್ದ ಶಿಳ್ಳೇಕ್ಯಾತರು ಊರಿಂದೂರಿಗೆ ಅಲೆಯುತ್ತ, ಮೀನು ಹಿಡಿದು ಹೊಟ್ಟೆಹೊರೆಯುತ್ತ ಉಳಿದರು. ಗೊಂಬೆಗೆ ಗಾಜಿನ ಪೆಟ್ಟಿಗೆ ಸಿಕ್ಕಷ್ಟು ಬೇಗ ಆಡಿಸುವವರಿಗೆ ಸೂರು ಸಿಗಲಿಲ್ಲ.

ಎಪ್ಪತ್ತರ ದಶಕದ ದಲಿತ ಚಳವಳಿ ನೋಟವನ್ನೇ ಬದಲಿಸಿತು. ಊರ ಚಾಕರಿಗೆ ಬಾರಿಸುವುದಿಲ್ಲ ಎಂಬ ನಿರಾಕರಣೆಯೂ, ನಮ್ಮ ಮೆರವಣಿಗೆಗೆ ನಾವೇ ಬಾರಿಸುತ್ತೇವೆ ಎಂಬ ಹೆಮ್ಮೆಯೂ ಒಟ್ಟಿಗೆ ಬೆಳೆದವು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ, 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಪದ್ಮಶ್ರೀ ಪಡೆದರು. ಅದು ಇಡೀ ಸಮುದಾಯಗಳಿಗೆ ಸಂದ ಗೌರವ.

ಈಗ ಉಳಿದಿರುವುದು ಕೆಲಸದ ಪ್ರಶ್ನೆ. ಆಟಕ್ಕೆ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ತಮಟೆಯ ಚರ್ಮ ಬಿಗಿಮಾಡಬೇಕು. ಮೈಲಿಗಟ್ಟಲೆ ಕುಣಿದು ಬಾರಿಸುವಾಗ ಅದು ಸಡಿಲಾದರೆ ಮತ್ತೆ ಬೆಂಕಿ. ಈ ಬೆವರಿನ ಲೆಕ್ಕ ಸಂಭಾವನೆಯಲ್ಲಿ ಸಿಗುವುದು ಅಪರೂಪ. ಮಧ್ಯವರ್ತಿಯ ಪಾಲು ಕಳೆದು, ಬಿಲ್ ಆಗುವವರೆಗೆ ಕಾಯುವ ತಂಡಕ್ಕೆ ಆಹ್ವಾನಪತ್ರಿಕೆಯಲ್ಲಿ ಸಿಗುವುದು ‘ಜಾನಪದ ಕಲಾತಂಡ’ ಎಂಬ ಒಂದೇ ಸಾಲು.

ನಮ್ಮ ಜಾನಪದ ಅಧ್ಯಯನ ಹಾಡು ಬರೆದುಕೊಂಡಷ್ಟೇ ನಿಷ್ಠೆಯಿಂದ ಹಾಡುವವರ ಕೂಲಿ, ಕಾಯಿಲೆ, ಪಂಕ್ತಿಯಲ್ಲಿ ಅವರು ಕೂರುವ ಜಾಗ ಇವನ್ನೂ ಬರೆದುಕೊಳ್ಳಬೇಕು. ಉತ್ಸವ ನಡೆಸುವವರು ಸಂಭಾವನೆಯನ್ನು ಮೊದಲೇ ಬರಹದಲ್ಲಿ ಗೊತ್ತುಮಾಡಿ, ಕುಣಿದ ದಿನವೇ ಕಲಾವಿದರ ಕೈಗೇ ಕೊಡಲಿ. ಕಲೆ ಉಳಿಸುವ ಕೆಲಸ ಅಲ್ಲಿಂದ ಶುರುವಾಗಬೇಕು.