ಗಣಿತಸಾರಸಂಗ್ರಹದಲ್ಲಿ ಸಮೀಕರಣ ಮತ್ತು ವರ್ಗಮೂಲ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’. ಅದರ ಮಿಶ್ರಕ ವ್ಯವಹಾರದಲ್ಲಿ ಒಂದು ಹಣ್ಣಿನ ಲೆಕ್ಕವಿದೆ: 9 ಮಾದಲ, 7 ಬೇಲದ ಹಣ್ಣುಗಳ ಒಟ್ಟು ಬೆಲೆ 107, 7 ಮಾದಲ, 9 ಬೇಲಗಳಿಗೆ 101, ಬಿಡಿಯಾಗಿ ಒಂದೊಂದರ ಬೆಲೆಯೆಷ್ಟು? ಆಚಾರ್ಯನ ಸೂತ್ರದಂತೆ ದೊಡ್ಡ ಬೆಲೆಯನ್ನು ದೊಡ್ಡ ಫಲಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕದರಿಂದಲೂ ಗುಣಿಸಿದರೆ 963 ಮತ್ತು 707 ದೊರೆಯುತ್ತವೆ. ಇವುಗಳ ಅಂತರ 256ನ್ನು ಫಲಸಂಖ್ಯೆಗಳ ವರ್ಗಾಂತರವಾದ 32ರಿಂದ ಭಾಗಿಸಲು ಮಾದಲದ ಬೆಲೆ 8, ಬೇಲದ್ದು 5. ಹೀಗೆ ಗುಣಿಸಿದಾಗ ಎರಡೂ ಕಡೆ ಬೇಲಗಳು 63 ಆಗಿ ಕಳೆದುಹೋಗುತ್ತವೆ. ಇಂದಿನ ಶಾಲೆಗಳ ವರ್ಜನ ವಿಧಾನದ ತಿರುಳೂ ಇದೇ. ಆದರೆ ಈ ಸೂತ್ರವು ಸಹಗುಣಕಗಳು ಅದಲುಬದಲಾಗಿರುವ ಜೋಡಿಗೆ ಮಾತ್ರ ಸಲ್ಲುತ್ತದೆ. ಇದನ್ನೇ ಸಾಮಾನ್ಯ ವಿಧಾನವೆಂದು ಹೊಗಳುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು.

ಇದಕ್ಕಿಂತಲೂ ಮಹತ್ತ್ವದ್ದು, ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂಬ ಆತನ ನಿರ್ಣಯ. ವರ್ಗಮೂಲದ ನಕ್ಷೆಯು ಮೂಲಬಿಂದುವಿನಿಂದ ಬಲಕ್ಕೆ ಮಾತ್ರ ಸಾಗುವುದು ಈ ಕಾರಣದಿಂದಲೇ. ನಕ್ಷೆಯ ಕಲ್ಪನೆಯಾದರೋ ಆತನದಲ್ಲ. ಸಮೀಕರಣವನ್ನು ವಕ್ರರೇಖೆಯಾಗಿ ಕಾಣುವ ಕ್ರಮ 1637ರ ದೆಕಾರ್ತನ ಕೃತಿಯಿಂದೀಚೆಗೆ ಬೆಳೆದದ್ದು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಸಂಪಾದಿಸಿದ ಮೇಲೆ ಎರಡೂ ಸಂಗತಿಗಳು ವಿದ್ವತ್ ವಲಯದಲ್ಲಿ ವ್ಯಾಪಕ ಚರ್ಚೆಗೆ ಬಂದವು.